ಒಲೆ ಕಾಯೋ ಹೊತ್ತಿಗೆ ಸರದಿ ಮುಗೀತು

ನಮ್ಮ ಗಲ್ಲಿಯ ಟ್ರಾನ್ಸ್‌ಫಾರ್ಮರ್ ಚಿಕ್ಕದು. ಹಿಟ್ಟಿನ ಗಿರಣಿ, ಬೇಕರಿಯ ಕರೆಂಟ್ ಒಲೆ ಎರಡೂ ಒಟ್ಟಿಗೆ ಓಡಿದ್ರೆ ಇಡೀ ಗಲ್ಲಿ ಕತ್ತಲು. ನಾವು ಮಹಾ ಬುದ್ಧಿವಂತರು ನೋಡಿ, ಒಂದು ನಿಯಮ ಮಾಡಿಕೊಂಡಿದ್ವಿ. ಅರ್ಧ ಗಂಟೆ ಗಿರಣಿ, ಅರ್ಧ ಗಂಟೆ ಬೇಕರಿ, ಮತ್ತೆ ಗಿರಣಿ. ಸಮಪಾಲು! ಯಾರೂ ತುಟಿ ಪಿಟಕ್ ಅನ್ನೋ ಹಾಗಿಲ್ಲ.

ಆದ್ರೆ ಆ ಒಲೆ ಕಾಯೋದಕ್ಕೇ ಅರ್ಧ ಗಂಟೆ ಬೇಕು. ಕಾದ ಒಲೆಗೆ ಬ್ರೆಡ್ ಇಡೋ ಹೊತ್ತಿಗೆ ಬೇಕರಿ ಅಕ್ಕನ ಸರದಿ ಮುಗೀತಿತ್ತು. ಮುಂದಿನ ಸರದಿ ಬರೋದ್ರೊಳಗೆ ಒಲೆ ತಣ್ಣಗೆ. ನಾದಿದ ಹಿಟ್ಟು ಹುಳಿ ಬಂದು ಮೋರಿ ಸೇರ್ತಿತ್ತು. ಅವರ ಯಜಮಾನರು ಹಾಸಿಗೆ ಹಿಡಿದಿದ್ದಾರೆ, ಮನೆ ನಡೆಯೋದೇ ಆ ಒಲೆಯಿಂದ. "ಇನ್ನೊಂದು ವಾರ ನೋಡ್ತೀನಿ, ಆಮೇಲೆ ಬಾಗಿಲು ಹಾಕ್ತೀನಿ" ಅಂತ ಒಂದಿನ ಅಕ್ಕ ಅಂದ್ರು.

ಅವತ್ತು ಸಂಜೆ ನನ್ನ ಹೊಲಿಗೆ ಅಂಗಡಿಗೆ ಎಲ್ಲರನ್ನೂ ಕರೆದೆ.

"ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕಿಸಿ, ಮುಗೀತು!" ಅಂದ್ರು ಗಿರಣಿ ಮಾಮ.

"ಈ ವರ್ಷ ಬಂದಿರೋದು ಒಂದೇ ಮಾಮ. ಅದನ್ನ ಆಸ್ಪತ್ರೆಗೆ ಹಾಕ್ತಿದ್ದೀವಿ. ಕಿತ್ಕೊಂಡು ಬರ್ಲಾ?" ಅಂದ ಲೈನ್‌ಮನ್.

"ಛೆ ಛೆ, ಆಸ್ಪತ್ರೆದು ಬೇಡಪ್ಪ."

"ಅಷ್ಟೇ ವಿಷಯ. ಬೇಕು ಅನ್ನೋದು ಜಾಸ್ತಿ, ಇರೋದು ಕಮ್ಮಿ. ಮನೆಯಾಗಲಿ, ದೇಶವಾಗಲಿ, ಒಂದಕ್ಕೆ ಹೂಂ ಅಂದ್ರೆ ಇನ್ನೊಂದಕ್ಕೆ ಊಹೂಂ ಅಂದ ಹಾಗೇ. ಈಗ ನೀವೇ ಆಸ್ಪತ್ರೆಗೆ ಹೂಂ ಅಂದ್ರಿ."

"ಆದ್ರೂ ಸಮಪಾಲು ಅಂದ್ರೆ ಸಮಪಾಲು!" ಮಾಮ ಪಟ್ಟು ಬಿಡಲಿಲ್ಲ.

ಮೂಲೆಯಲ್ಲಿ ಗುಂಡಿ ಹಾಕ್ತಿದ್ದ ನಮ್ಮತ್ತೆ ತಲೆ ಎತ್ತಿದ್ರು. "ಒಂದೇ ಒಲೆ ಇದ್ರೆ ಐದು ನಿಮಿಷ ಅಕ್ಕಿ, ಐದು ನಿಮಿಷ ಹಾಲು ಅಂತ ಏರಿಸಿ ಇಳಿಸಿ ಮಾಡ್ತೀಯೇನೋ? ಅನ್ನವೂ ಬೇಯಲ್ಲ, ಹಾಲೂ ಉಕ್ಕಲ್ಲ."

ಎಲ್ಲರೂ ನಕ್ಕರು. ಮಾಮನೂ ನಕ್ಕರು.

ಆಗ ಅಕ್ಕ ಬಾಯಿಬಿಟ್ಟರು. "ಬೆಳಿಗ್ಗೆ ಪೂರ್ತಿ ನನಗೆ ಕೊಡಿ ಮಾಮ. ಮಧ್ಯಾಹ್ನದಿಂದ ನಿಮ್ಮದೇ. ಸಂಜೆ ಬಿಸ್ಕತ್ತು ಮಾಡೋದನ್ನ ನಾನು ಬಿಡ್ತೀನಿ."

"ಬೆಳಿಗ್ಗೆ ಬರೋ ನನ್ನ ಗಿರಾಕಿ?"

"ಕಾಳಿನ ಚೀಲ ಇಟ್ಟು ಹೋಗ್ಲಿ, ಸಂಜೆ ಬಂದು ಹಿಟ್ಟು ಒಯ್ಯಲಿ. ಕೆಲವರು ಕಾಯಲ್ಲ, ಬೇರೆ ಕಡೆ ಹೋಗ್ತಾರೆ. ಸುಳ್ಳು ಹೇಳಲ್ಲ, ನಿಮಗೆ ನಷ್ಟ ಇದೆ."

ಮಾಮ ಅಕ್ಕನ ಕಡೆ ತಿರುಗಿದ್ರು.

"ನಷ್ಟ ಏನೂ ಇಲ್ಲ ಅಂತ ಪುಸಲಾಯಿಸಿದ್ರೆ ನಾನು ಒಪ್ತಿರಲಿಲ್ಲ," ಅಂದ್ರು. "ಇದೆ ಅಂತ ಒಪ್ಪಿಕೊಂಡೆಯಲ್ಲ ತಾಯಿ. ಆಯ್ತು, ನಾಳೆಯಿಂದ ಬೆಳಿಗ್ಗೆ ನಿನ್ನದು."

ಕೆಲವು ಗಿರಾಕಿಗಳು ಹೋಗಿದ್ದು ನಿಜ. ಮಾಮ ಈಗಲೂ ಗೊಣಗ್ತಾರೆ, ಗೊಣಗಲಿ ಬಿಡಿ, ಅವರಿಗೆ ಆ ಹಕ್ಕಿದೆ. ಆದ್ರೆ ಬೇಕರಿ ಬಾಗಿಲು ತೆರೆದೇ ಇದೆ.

ಅಣ್ಣಂದಿರೇ, ಅಕ್ಕಂದಿರೇ, ನೀರೋ ಕರೆಂಟೋ ಊರಿನ ದುಡ್ಡೋ, ಸಾಲದೇ ಬಂದಾಗ ಒಟ್ಟಿಗೆ ಕೂತು ಮಾತಾಡಿ. ಯಾವುದಕ್ಕೆ ಕೊಡ್ತೀರಿ ಅಂತ ಹೇಳಿ. ಯಾವುದನ್ನ ಬಿಡ್ತೀರಿ ಅಂತಲೂ ಹೇಳಿ. ಬಿಟ್ಟುಕೊಡೋರ ಮುಖ ನೋಡಿ ಹೇಳಿ.