ತುಪ್ಪ ಮಾತು ನಿಲ್ಲಿಸುವ ಹೊತ್ತು

ನಮ್ಮ ಮನೆಯಲ್ಲಿ ಮಗ್ಗ ನಿಲ್ಲುತ್ತಿದ್ದುದು ಕರೆಂಟು ಹೋದಾಗ, ಓಣಿಯಲ್ಲಿ ಯಾರಾದರೂ ಸತ್ತಾಗ, ಮತ್ತೆ ಅತ್ತೆ ತುಪ್ಪ ಕಾಸುವಾಗ. ಮೊದಲಿನ ಎರಡಕ್ಕೆ ನನ್ನ ಗಂಡ ಮಹಾಲಿಂಗ ತಕರಾರು ಮಾಡುತ್ತಿರಲಿಲ್ಲ. ಮೂರನೆಯದಕ್ಕೆ ಪ್ರತಿ ಸಲವೂ ಗೊಣಗುತ್ತಿದ್ದರು.

"ಏ ಮಾಲಿಂಗಾ, ಮಗ್ಗ ನಿಲ್ಸೋ! ಬೆಣ್ಣಿ ಒಲಿ ಮ್ಯಾಲ ಇಟ್ಟೇನಿ!" ಎಂದು ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದರು.

"ಅರ್ಧಾ ತಾಸು ಕೆಲಸ ಹಾಳಾತು ಯವ್ವಾ. ನಿನ್ನ ತುಪ್ಪಕ್ಕೇನು ಮಂಗಳಾರತಿ ಮಾಡ್ತೀಯೇನು?"

"ಹೋಳಿಗಿ ಮ್ಯಾಲ ಮೂರು ಸಲ ಹಾಕಿಸ್ಕೊಳ್ಳೂಮುಂದ ಈ ಮಾತು ಎಲ್ಲಿ ಹೋಗಿರ್ತೈತಿ?"

ಅಲ್ಲಿಗೆ ಮಗ್ಗ ನಿಲ್ಲುತ್ತಿದ್ದವು. ರಬಕವಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಮಗ್ಗಗಳಿವೆ, ಅದರ ಹಿಂದೆ ಅಡುಗೆಮನೆ, ಹಿತ್ತಲಲ್ಲಿ ಒಂದು ಎಮ್ಮೆ. ಮಗ್ಗದ ಗದ್ದಲದಲ್ಲಿ ನೀರು ಕೊಡು ಎನ್ನುವುದನ್ನೂ ಇಲ್ಲಿ ಜಗಳಕ್ಕೆ ಬಂದವರಂತೆ ಕೂಗಿ ಹೇಳುತ್ತಾರೆ. ಮದುವೆಯಾಗಿ ಬಂದ ಮೊದಲ ವಾರ, ಎಲ್ಲರೂ ನನ್ನನ್ನೇ ಬೈಯುತ್ತಿದ್ದಾರೆ ಎಂದುಕೊಂಡು ಅತ್ತಿದ್ದೆ. ಈಗ ನಾನೂ ಹಾಗೇ ಆಗಿದ್ದೇನೆ. ಅಣ್ಣನ ಮನೆಗೆ ಹೋಗಿ ಬಾಯಿ ತೆರೆದರೆ ಅವನ ಮಕ್ಕಳು ಬೆಚ್ಚಿಬೀಳುತ್ತವೆ.

ನಮ್ಮತ್ತೆ ಸಾವಂತ್ರೆವ್ವ ಮೂವತ್ತು ವರ್ಷ ಮಗ್ಗ ನಡೆಸಿದವರು. ಓಡುವ ಮಗ್ಗದ ಮೇಲೆ ಅಂಗೈ ಇಟ್ಟರೆ ಸಾಕು, ಎಲ್ಲಿ ಏನು ಸಡಿಲಾಗಿದೆ ಎಂದು ಹೇಳಿಬಿಡುತ್ತಿದ್ದರು. ತುಪ್ಪವನ್ನು ಮಾತ್ರ ಕಿವಿಯಿಂದಲೇ ಕಾಸುತ್ತಿದ್ದರು. ಎಂಟು ದಿನದ ಬೆಣ್ಣೆಯನ್ನು ಮೂರು ನೀರಿನಲ್ಲಿ ತೊಳೆದು ಬೋಗುಣಿಗೆ ಹಾಕಿ, ಸಣ್ಣ ಉರಿ ಇಟ್ಟು, ಒಲೆಗೆ ಬೆನ್ನು ತಿರುಗಿಸಿ ಕುಳಿತುಬಿಡುವರು. "ಕಣ್ಣು ಬುರುಗು ನೋಡಿ ಮೋಸ ಹೋಗ್ತೈತಿ. ಬೆಣ್ಣಿಯೊಳಗ ನೀರು ಇರೂತನಕ ಅದು ಚಟಚಟ ಮಾತಾಡ್ತೈತಿ. ಮಾತು ನಿಂತಿತಂದ್ರ ತುಪ್ಪ ಆತು. ವೀಳ್ಯದೆಲಿ ಹಾಕು, ಇಳಿಸು." ವಾಸನೆಯ ಮಾತು ಅವರು ಎತ್ತುತ್ತಿರಲಿಲ್ಲ. ಮೂಗು ಎಂದೋ ನಶ್ಯದ ಪಾಲಾಗಿತ್ತು.

ನನಗೆ ಏಳು ತಿಂಗಳಾಗಿತ್ತು. ಚೊಚ್ಚಿಲ ಬಾಣಂತನ ತವರಿನಲ್ಲಿ ಆಗಬೇಕು, ಆದರೆ ನನ್ನ ಅವ್ವ ನಾನು ಒಂಬತ್ತು ವರ್ಷದವಳಿದ್ದಾಗಲೇ ತೀರಿಕೊಂಡಿದ್ದಳು. ಅಣ್ಣ ಕರೆಯುವ ಸುಳಿವೇ ಇರಲಿಲ್ಲ, ಅವನ ಹೆಂಡತಿ, ನಮ್ಮ ವೈನಿಯಂತೂ ಫೋನು ಎತ್ತುವುದನ್ನೇ ಬಿಟ್ಟಿದ್ದಳು. ಒಂದು ದಿನ ಅತ್ತೆ ಅಟ್ಟದಿಂದ ದೊಡ್ಡ ಭರಣಿ ಇಳಿಸಿ ತೊಳೆದು ಬಿಸಿಲಿಗಿಟ್ಟರು. "ದಾನವ್ವಾ, ಇದು ತುಂಬೂದ್ರಾಗ ನಿನ್ನ ಹೆರಿಗಿ ಆಗಬೇಕು. ನಿಮ್ಮವ್ವ ಮಾಡೂದನ್ನ ನಾ ಮಾಡ್ತೀನಿ," ಎಂದರು. ನಾನು ಎಮ್ಮೆಗೆ ಹುಲ್ಲು ಹಾಕುವ ನೆಪ ಮಾಡಿ ಹಿತ್ತಲಿಗೆ ಹೋಗಿ ಮನಸಾರೆ ಅತ್ತುಬಿಟ್ಟೆ. ನನಗಾಗಿ ಯಾರಾದರೂ ಒಂದು ಭರಣಿ ತೊಳೆದದ್ದು ಅದೇ ಮೊದಲು.

ಭರಣಿ ಅರ್ಧ ತುಂಬಿದ ಮೇಲೆ ಪಕ್ಕದ ಮನೆಯ ಕಾಶವ್ವ ಒಂದು ಬಟ್ಟಲು ತುಪ್ಪ ಕೈಗಡ ಕೇಳಿಕೊಂಡು ಬಂದಳು. ಮುಚ್ಚಳ ತೆಗೆದದ್ದೇ ತಡ, ಸೆರಗನ್ನು ಮೂಗಿಗೆ ಹಿಡಿದಳು.

"ಯವ್ವಾ ಸಾವಂತ್ರೆವ್ವ, ಇದನ್ನ ದೀಪಕ್ಕ ಹಚ್ಚಿದ್ರ ದೇವರೂ ಮೂಗು ಮುಚ್ಕೊಂತಾನ! ನಿನ್ನ ಕೈಗುಣ ಎಲ್ಲಿ ಹೋತ?"

ನಾನೂ ಮೂಸಿದೆ. ಹಸಿ ಹಸಿ ಕಮಟು. ತುಪ್ಪದೊಳಗೆ ನೀರು ಉಳಿದಿತ್ತು. ಬಸುರಿಯ ಮೂಗಿಗೆ ಆ ವಾಸನೆ ಎಂದೋ ಬಡಿದಿತ್ತು ನಿಜ, ಆದರೆ ಎಲ್ಲದಕ್ಕೂ ಓಕರಿಸುತ್ತಿದ್ದ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಗ ಇನ್ನೊಂದು ನೆನಪಾಯಿತು. ತಳದ ಗಸಿಗೆ ಬೆಲ್ಲ ಕಲೆಸಿ ಅತ್ತೆ ನನ್ನ ಕೈಗೆ ಹಾಕುತ್ತಿದ್ದರಲ್ಲ, ಅದು ಈಚೆಗೆ ಕೆಂಪಾಗಿರುತ್ತಿರಲಿಲ್ಲ, ಬೆಳ್ಳಗೆ ಇರುತ್ತಿತ್ತು.

ಕಾಶವ್ವ ಹೋದ ಮೇಲೆ ಅತ್ತೆ ಭರಣಿಯ ಮುಚ್ಚಳ ಹಾಕಿ ಮೂಲೆಗೆ ಸರಿಸಿದರು. ಆಮೇಲೆ, "ನಿಮ್ಮಣ್ಣಗ ಫೋನ್ ಹಚ್ಚು. ನಿನ್ನ ಕರ್ಕೊಂಡು ಹೋಗ್ಲಿ. ನನ್ನ ಕಡಿಂದ ಬಾಣಂತನ ಆಗಂಗಿಲ್ಲ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ಆಸೆ ತೋರಿಸಿ ಈಗ ಕೈ ಬಿಡುವುದೆಂದರೇನು? "ಒಂದು ಭರಣಿ ಕೆಟ್ಟಿದ್ದಕ್ಕ ನನ್ನ ಮನಿ ಬಿಡಸ್ತೀರೇನ್ರಿ?" ಎಂದು ಮಗ್ಗಗಳ ಗದ್ದಲದಲ್ಲೂ ಕೇಳುವಂತೆ ಕಿರುಚಿದೆ. "ಈ ವಾರದ ಬೆಣ್ಣಿ ಐತಲ್ಲ, ಅದನ್ನ ಕಾಸ್ರಿ. ನಾನೂ ಕೂಡ್ತೀನಿ. ಆಮ್ಯಾಲ ನೋಡೂಣು."

ಮಗ್ಗ ನಿಂತವು. ನಾನು ಹೊಟ್ಟೆ ಹೊತ್ತುಕೊಂಡು ಮಣೆಯ ಮೇಲೆ ಕುಳಿತೆ. ಬೆಣ್ಣೆ ಕರಗಿತು, ಬುರುಗು ಎದ್ದಿತು, ಚಟಚಟ ಶುರುವಾಯಿತು. ಸದ್ದು ಇನ್ನೂ ಜೋರಾಗಿಯೇ ಇತ್ತು, ಅಷ್ಟರಲ್ಲೇ ಅತ್ತೆ ಎಲೆ ಹಾಕಿ ಅರಿವೆ ಹಿಡಿದು ಬೋಗುಣಿ ಇಳಿಸಲು ಹೋದರು.

"ಅತ್ತಿ, ತಡೀರಿ," ಎಂದೆ. ಮನೆಯೆಲ್ಲ ಸುಮ್ಮನಿದ್ದುದರಿಂದ ಮೆಲ್ಲಗೇ ಅಂದಿದ್ದೆ. ಅವರು ತಿರುಗಲಿಲ್ಲ. "ಅತ್ತೀ," ಎಂದು ಇನ್ನೊಮ್ಮೆ ಕರೆದೆ. ಊಹೂಂ. ಎದ್ದು ಹೋಗಿ ಮುಂಗೈ ಹಿಡಿದೆ.

"ಯಾಕ? ಮಾತು ನಿಂತೈತಲ್ಲ," ಎಂದರು.

ಹಿತ್ತಲಿನ ಎಮ್ಮೆಗೂ ಕೇಳುವಷ್ಟು ಸದ್ದು ಮಾಡುತ್ತಿತ್ತು ಆ ಬೋಗುಣಿ. ಅವರು ಅದನ್ನು ನೋಡಲಿಲ್ಲ, ನನ್ನ ತುಟಿಗಳನ್ನು ನೋಡುತ್ತಿದ್ದರು. ನನಗೆ ಎಲ್ಲ ತಿಳಿಯಿತು. ಕರೆಂಟು ಹೋಗಿ ಎಲ್ಲರೂ ಮೆಲ್ಲಗೆ ಮಾತಾಡತೊಡಗಿದ ಕೂಡಲೇ ಅವರು ಎಮ್ಮೆಯ ಕಡೆ ಎದ್ದು ಹೋಗುತ್ತಿದ್ದುದು ಯಾಕೆಂದೂ ತಿಳಿಯಿತು. ಎಲ್ಲರೂ ಕೂಗಿಯೇ ಮಾತಾಡುವ ಮನೆಯಲ್ಲಿ ಒಬ್ಬರ ಕಿವಿ ಹೋದದ್ದು ಯಾರಿಗೆ ಗೊತ್ತಾಗಬೇಕು?

"ಎಷ್ಟು ದಿನಾತ್ರಿ?" ಎಂದು ಕಿವಿಯ ಹತ್ತಿರ ಬಾಯಿ ಇಟ್ಟು ಕೇಳಿದೆ.

ಅವರು ಅರಿವೆ ಕೆಳಗಿಟ್ಟರು. "ಎರಡು ವರ್ಷ ಆತು. ಮೊದಮೊದಲು ತುಪ್ಪದ ಮಾತು ಒಂದೀಟು ಕೇಳತಿತ್ತು. ಈಗ ಒದರಿದ್ರಷ್ಟ ಕೇಳ್ತೈತಿ. ಮಗ್ಗ ನಿಲ್ಲಸಂತ ಸುಮ್ಮ ಒದರ್ತೀನಿ, ಯಾರಿಗೂ ಗೊತ್ತಾಗಬಾರದಂತ." ಸೆರಗಿನಿಂದ ಮುಖ ಒರೆಸಿಕೊಂಡರು. "ಕೂಸು ಅತ್ತರ ಕೇಳಿಸದ ಮುದುಕಿ ಕೈಯಾಗ ಬಾಣಂತೀನ ಯಾರು ಬಿಡ್ತಾರವಾ? ಅದಕ್ಕ ಹೇಳಲಿಲ್ಲ. ತಪ್ಪು ನಂದ."

ಬೋಗುಣಿ ಇನ್ನೂ ಚಟಗುಟ್ಟುತ್ತಲೇ ಇತ್ತು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ತಳ ಹತ್ತದಿರಲೆಂದು ಸೌಟು ತೆಗೆದುಕೊಂಡು ಬೋಗುಣಿಯ ತಳಕ್ಕೆ ತಾಗಿಸಿ ಹಿಡಿದೆ. ಹಿಡಿಕೆ ಬೆರಳಲ್ಲಿ ಸಣ್ಣಗೆ ನಡುಗಿತು. ಆಗ ಹೊಳೆಯಿತು. ಅತ್ತೆಯ ಅಂಗೈ ಎಳೆದು ಹಿಡಿಕೆಯ ಮೇಲೆ ಇಟ್ಟೆ.

ಅವರು ಕಣ್ಣು ಮುಚ್ಚಿದರು. ಮೊದಲು ಏನೂ ಇಲ್ಲ. ಆಮೇಲೆ ಮೂವತ್ತು ವರ್ಷ ಮಗ್ಗ ಮುಟ್ಟಿದ ಬೆರಳುಗಳು ಒಂದೊಂದಾಗಿ ಹಿಡಿಕೆಯನ್ನು ಸರಿಯಾಗಿ ಹಿಡಿದವು.

"ಅಯ್ಯ! ಇನ್ನೂ ಮಾತಾಡಾಕತ್ತೈತಲ್ಲ ಇದು!"

ಅವರು ಹಿಡಿಕೆ ಹಿಡಿದು, ನಾನು ಕಿವಿಗೊಟ್ಟು ಕುಳಿತೆವು. ಸ್ವಲ್ಪ ಹೊತ್ತಿಗೆ ನನ್ನ ಕಿವಿಗೆ ಚಟಚಟ ಕಡಿಮೆಯಾಯಿತು. ಅಲ್ಲೊಂದು ಇಲ್ಲೊಂದು ಉಳಿಯಿತು. ನಿಂತಿತು ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಅವರು, "ತಡಿ, ಇನ್ನೊಂದು ಮಾತು ಐತಿ," ಎಂದರು. ತಳದಲ್ಲಿ ಎಲ್ಲೋ ಒಂದು ಗುಳ್ಳೆ ಒಡೆದಿರಬೇಕು, ನನಗೆ ಕೇಳಿಸಲಿಲ್ಲ. ಆಮೇಲೆ ಬೋಗುಣಿ ಇಳಿಸಿದರು. ಹೊಂಬಣ್ಣದ ತುಪ್ಪ, ತಳದಲ್ಲಿ ಕೆಂಪು ಗಸಿ. ಪರಿಮಳಕ್ಕೆ ನನ್ನ ಹೊಟ್ಟೆಯೊಳಗಿನದೂ ಒದೆಯಿತು.

ಅತ್ತೆ ಬಿಸಿ ಗಸಿಗೆ ಬೆಲ್ಲ ಕಲೆಸಿ, ಮೊದಲ ತುತ್ತನ್ನು ನನ್ನ ಬಾಯಿಗಿಟ್ಟರು. "ನನ್ನ ತುಪ್ಪ ನನಗ ತಿರುಗಿ ಕೊಟ್ಟೆಲ್ಲವಾ, ನಿನ್ನ ಹೊಟ್ಟಿ ತಣ್ಣಗಿರಲಿ," ಎಂದರು. ಕೊಟ್ಟವರು ಅವರು, ಪಡೆದವಳು ನಾನು, ಎಂದು ಹೇಳಬೇಕೆಂದಿದ್ದೆ. ಬಾಯಿ ತುಂಬ ಬೆಲ್ಲವಿತ್ತು.

ಆಮೇಲೆ ಅವರೇ ಪಡಸಾಲೆಗೆ ಹೋಗಿ ಮಗನಿಗೆ ಹೇಳಿದರು. "ಮಾಲಿಂಗಾ, ಇನ್ನ ಮುಂದ ತುಪ್ಪಕ್ಕ ಮಗ್ಗ ನಿಲ್ಲಸಬ್ಯಾಡ. ನನ್ನ ಕಿವಿ ಹೋಗ್ಯಾವು."

ನನ್ನ ಗಂಡ ಕೈಯಲ್ಲಿದ್ದ ಲಾಳಿ ಕೆಳಗಿಟ್ಟರು. ಆಮೇಲೆ, "ಮೊದಲ ಹೇಳಬಾರದೇನು ಯವ್ವಾ!" ಎಂದು ಕಣ್ಣೀರು ತುಂಬಿಕೊಂಡು ಕಿರುಚಿದರು.

"ಇದೊಂದು ಚಲೋ ಕೇಳಿಸ್ತು ನೋಡು," ಎಂದರು ಅತ್ತೆ.

ಜಮಖಂಡಿಯ ಡಾಕ್ಟರು ಒಂದು ಕಿವಿಯಂತ್ರ ಕೊಟ್ಟರು. ಮಗ್ಗದ ಗದ್ದಲದಲ್ಲಿ ಅದು ಕುಯ್ಯೋ ಎನ್ನುತ್ತದೆ, ಹಾಗಾಗಿ ನಶ್ಯದ ಡಬ್ಬಿಯ ಪಕ್ಕದಲ್ಲಿ ಕುಳಿತಿದೆ.

ಕೆಟ್ಟದ್ದನ್ನು ಚೆಲ್ಲಿ ತೊಳೆದಿಟ್ಟ ಭರಣಿ ಮತ್ತೆ ತುಂಬಿತು, ನನಗೆ ಇಲ್ಲೇ ಮಗಳು ಹುಟ್ಟಿದಳು. ನಲವತ್ತು ದಿನವೂ ಬಿಸಿ ಅನ್ನ, ಮೆಣಸಿನ ಸಾರು, ಬೇಡವೆಂದರೂ ಬಿಡದೆ ಸುರಿಯುವ ತುಪ್ಪ. ಮೊನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ನಾಲ್ಕೂ ಮಗ್ಗ ಓಡುತ್ತಿದ್ದವು. ತೊಟ್ಟಿಲು ನನ್ನಿಂದ ಐದು ಮಾರು ದೂರ, ಒಳಕೋಣೆಯಲ್ಲಿತ್ತು. ಅತ್ತೆ ಅದರ ಪಕ್ಕದಲ್ಲಿ ಬೆನ್ನು ತಿರುಗಿಸಿ ಕುಳಿತು, ಒಂದು ಕೈಯಲ್ಲಿ ತೊಟ್ಟಿಲ ಹಗ್ಗ ಹಿಡಿದು, ಇನ್ನೊಂದರಲ್ಲಿ ಮೊರದ ಅಕ್ಕಿ ಆರಿಸುತ್ತಿದ್ದರು. ಒಮ್ಮೆಲೆ ಹಗ್ಗವನ್ನು ಬಿಗಿಹಿಡಿದು ಮೊರ ಸರಿಸಿದರು.

"ದಾನವ್ವಾ, ಲಗೂನ ಉಣ್ಣು! ಕೂಸು ಅಳಾಕತ್ತೈತಿ!"

ನಾನು ಕಿವಿಗೊಟ್ಟೆ. ಮಗ್ಗದ ಸದ್ದು ಬಿಟ್ಟರೆ ನನಗೆ ಏನೂ ಕೇಳಿಸಲಿಲ್ಲ. ಎದ್ದು ಹೋಗಿ ನೋಡಿದರೆ, ಮಗಳು ಮುಖವೆಲ್ಲ ಕೆಂಪು ಮಾಡಿಕೊಂಡು, ಬಾಯಿ ತೆರೆದು ಅಳುತ್ತಿದ್ದಳು.