ಭೂಮದ ತಾಟಿನ ಮೊದಲ ತುತ್ತು

ಮಾಳಪ್ಪ ಜೀವಮಾನದಲ್ಲಿ ಮರೆಯದ ಊಟವೆಂದರೆ ಅವನ ಮದುವೆಯದೇ. ಜತ್ತ ಸಂಸ್ಥಾನ ವಿಲೀನವಾದ ವರ್ಷ ತಿಕೋಂಡಿಯಲ್ಲಿ ಆ ಮದುವೆ ಆಯಿತು. ಮದುಮಕ್ಕಳು ಒಂದೇ ತಾಟಿನಲ್ಲಿ ಉಣ್ಣುವ ಭೂಮಕ್ಕೆ ಕುಳಿತಾಗ ಸೋದರಮಾವ ಬೀರಪ್ಪ ಅವನ ಕಿವಿಯಲ್ಲಿ ಹೇಳಿದ: "ಹೆಣ್ಣಿನಪ್ಪ ಉಂಗುರ ಹಾಕ್ತೀನಿ ಅನ್ನೂತನಕ ತಾಟಿಗೆ ಕೈ ಹಚ್ಚಬ್ಯಾಡ. ಸಿಟ್ಟಾಗಿ ಕುಂದ್ರು."

ಮಾಳಪ್ಪ ಮುಖ ಊದಿಸಿ ಕುಳಿತ. ಮುಂದೆ ತುಪ್ಪದಲ್ಲಿ ತೇಲುವ ಹೋಳಿಗೆ; ಹೊಟ್ಟೆಯಲ್ಲಿ ನಿನ್ನೆಯಿಂದ ಬರೀ ನೀರು. ಹೆಣ್ಣಿನಪ್ಪನೋ, ಏನೂ ಕಾಣದವನಂತೆ ಬೀಗರಿಗೆ ಬಡಿಸುತ್ತಿದ್ದ.

ಅಷ್ಟರಲ್ಲಿ ಸೆರಗಿನೊಳಗಿಂದ ಮದುಮಗಳು ಬಾಳವ್ವ ಪಿಸುಗುಟ್ಟಿದಳು: "ಏನ್ರಿ, ನೀವು ಕೈ ಹಚ್ಚೂತನಕ ನಾ ಉಣ್ಣಾಂಗಿಲ್ಲ. ನಾನೂ ಉಪಾಸ ಅದೀನ್ರಿ."

ಹೆಂಡತಿ ಅವನೊಡನೆ ಆಡಿದ ಮೊದಲ ಮಾತು ಅದು. ಮಾಳಪ್ಪ ಹೋಳಿಗೆ ಮುರಿದು ಮೊದಲ ತುತ್ತು ಅವಳಿಗೇ ಉಣಿಸಿದ.

"ಉಂಗುರ ಹೋತಲ್ಲೋ ಹೊಟ್ಟಿಬಾಕಾ!" ಎಂದು ಬೀರಪ್ಪ ಒದರಿದ.

ಮಾಳಪ್ಪನ ಬಾಯಿ ತುಂಬಿತ್ತು. ಇನ್ನೆರಡು ಹೋಳಿಗೆ ಹಾಕಿರೆಂದು ಕೈಸನ್ನೆ ಮಾಡಿದ.