ಎರಡು ಕೈಯ ಪರೀಕ್ಷೆ

ಕೆಡವುವುದರಲ್ಲಿ ನನ್ನದು ಎತ್ತಿದ ಕೈ. ಹೊಟ್ಟೆಪಾಡೇ ಅದು: ಆಫೀಸಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಂ ಎಲ್ಲಿ ಮುರಿಯುತ್ತದೆಂದು ಹುಡುಕಿ, ಮುರಿದು ತೋರಿಸುವುದು. ಹೋದ ವಾರ ಒಡಹುಟ್ಟಿದ ತಂಗಿಯದ್ದನ್ನೇ ಮುರಿದೆ. ಅಂದಿನಿಂದ ಅವಳು ಮಾತು ಬಿಟ್ಟಿದ್ದಳು. ಒಂದೇ ಮನೆ, ಒಂದೇ ಆಫೀಸು, ಒಂದೇ ಬಸ್ಸು, ಪಕ್ಕಪಕ್ಕದ ಸೀಟು. ಮುಖ ಮಾತ್ರ ಕಿಟಕಿಯ ಕಡೆ.

ಅವಳು ಕೈಹಾಕಿದ್ದೇನು ಸಣ್ಣ ಕೆಲಸವೇ? ನಮ್ಮ ಗಿರಾಕಿಗಳು ನಕ್ಷೆ ಬರೆಯುವವರು. ‘ಸೇತುವೆಗಳು’ ಎಂಬಲ್ಲಿರುವ ಫೋಲ್ಡರ್ ‘ದುರಸ್ತಿ’ ಎಂಬಲ್ಲೂ ಬೇಕು. ನಕಲು ಮಾಡಿದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುತ್ತಾರೆ. ಹಾಗಾಗಿ ನಕಲೇ ಇಲ್ಲದೆ, ಒಂದೇ ಫೋಲ್ಡರ್ ಎರಡೂ ಕಡೆ ಇರುವಂತೆ ಮಾಡುತ್ತೇನೆಂದಳು.

“ಬೇಡಮ್ಮ,” ಎಂದಿದ್ದರು ಆಫೀಸಿನ ಯಜಮಾನರು. “ಫೋಲ್ಡರ್ ತನ್ನೊಳಗೆ ತಾನೇ ಹೋಗಿ ಕೂತ್ರೆ, ಹುಡುಕೋ ಪ್ರೋಗ್ರಾಂ ಗಾಣದೆತ್ತಿನ ಹಾಗೆ ಸುತ್ತುತ್ತಾ ಇರುತ್ತೆ.”

“ಮಗು ಇಬ್ರು ಅಜ್ಜೀರ ಮನೇಲೂ ಇರಬಹುದು ಸರ್. ತನ್ನಜ್ಜಿಗೆ ತಾನೇ ಅಜ್ಜಿ ಆಗಬಾರದು, ಅಷ್ಟೇ!”

ಸೇರಿಸುವ ಮುನ್ನ ಆ ಜಾಗದಿಂದ ಮೇಲಿನ ಹಿರಿಯ ಫೋಲ್ಡರ್‌ಗಳನ್ನೆಲ್ಲ ಹತ್ತಿ ನೋಡುವುದು, ಸೇರಿಸಬೇಕಾದದ್ದೇ ಅಲ್ಲಿ ಎದುರಾದರೆ ಆಗದು ಎನ್ನುವುದು. ಇದೇ ಅವಳ ಉಪಾಯ. ವರ್ಷವಿಡೀ ಅದಕ್ಕೇ ತೆತ್ತುಕೊಂಡಳು.

ನಾನೇನು ಮಾಡಿದೆ? ಎರಡು ಕಂಪ್ಯೂಟರ್ ಮುಂದಿಟ್ಟುಕೊಂಡೆ. ಒಂದರಲ್ಲಿ ಸೇತುವೆಗಳನ್ನು ದುರಸ್ತಿಯೊಳಗೆ, ಇನ್ನೊಂದರಲ್ಲಿ ದುರಸ್ತಿಯನ್ನು ಸೇತುವೆಗಳೊಳಗೆ ಸೇರಿಸಲು ಹೇಳಿ, ಎರಡೂ ಕೈಯಿಂದ ಒಟ್ಟಿಗೆ ಒತ್ತಿದೆ. ಪ್ರೋಗ್ರಾಂ ಹತ್ತಿ ನೋಡುವ ಗಳಿಗೆಯಲ್ಲಿ ಯಾವುದೂ ಇನ್ನೂ ಸೇರಿರಲಿಲ್ಲವಲ್ಲ, ಎರಡೂ ಪಾಸಾಗಿ ಎರಡೂ ಸೇರಿಕೊಂಡವು. ಹುಡುಕಲು ಬಿಟ್ಟ ಪ್ರೋಗ್ರಾಂ ನಿಲ್ಲಲೇ ಇಲ್ಲ.

“ಶುಕ್ರವಾರ ಇನ್ನೊಂದ್ಸಲ ನೋಡೋಣ. ಆಗ್ಲೂ ಬಿದ್ರೆ ಇದನ್ನ ಕೈಬಿಡೋದೇ,” ಎಂದುಬಿಟ್ಟರು ಯಜಮಾನರು.

ಮನೆಯಲ್ಲಿ ಅಮ್ಮ ಸಿಡುಕಿದಳು. “ತಂಗಿ ಅಂತ ಒಂಚೂರಾದ್ರೂ ಕನಿಕರ ಬೇಡ್ವೇನೇ?”

“ನಾನು ಬಿಟ್ರೆ ಗಿರಾಕಿ ಬಿಡ್ತಾನಾ?” ಎಂದೆ. ಅನ್ನುವುದೇನೋ ಅಂದೆ, ಆದರೆ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಎದ್ದೆ.

ಶುಕ್ರವಾರ ಮತ್ತೆ ಅದೇ ಎರಡು ಕಂಪ್ಯೂಟರ್. ಒಂದು ಕೈ ತುಸು ತಡಮಾಡಿದರೆ ಸಾಕು, ತಂಗಿ ಗೆದ್ದಂತೆ. ಆದರೂ ಕಳ್ಳಾಟ ಆಡಲಿಲ್ಲ, ಒಟ್ಟಿಗೇ ಒತ್ತಿದೆ. ಒಂದು ಸೇರಿತು. ಇನ್ನೊಂದು ತುಸು ಕಾದು ಹೇಳಿತು: ಆಗದು, ‘ಸೇತುವೆಗಳು’ ಆಗಲೇ ‘ದುರಸ್ತಿ’ಯ ಒಳಗಿದೆ.

“ಏನ್ ಮಾಡ್ದೆ?” ಯಜಮಾನರು ತಂಗಿಯ ಕಡೆ ಬಾಗಿದರು.

“ಒಂದೇ ಬೀಗದ ಕೈ ಇಟ್ಟೆ ಸರ್. ಅದು ಸಿಕ್ಕಿದವರು ನೋಡಿ, ಸೇರಿಸಿ ಮುಗಿಸೋವರೆಗೂ ಇನ್ನೊಬ್ರು ಕಾಯ್ಬೇಕು.”

“ಎಲ್ಲಾ ನಿಧಾನ ಆಗಲ್ವಾ?”

“ಸೇರಿಸೋದು ಅಪರೂಪ. ಬರೀ ತೆರೆದು ಓದೋರಿಗೆ ಬೀಗಾನೇ ಇಲ್ಲ.”

ನಾನು ಸುಮ್ಮನೆ ಬಿಡುವವಳೇ? ನಡುವೆ ಮೂರನೆಯ ಫೋಲ್ಡರ್ ತೂರಿಸಿದೆ. ಸೇರಿಸುತ್ತಿರುವಾಗಲೇ ವೈರ್ ಕಿತ್ತೆ. ಮತ್ತೆ ಮತ್ತೆ ಗುದ್ದಿದೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಆಗ ತಂಗಿ ನನ್ನತ್ತ ತಿರುಗಿ ಬಾಯಿ ಬಿಟ್ಟಳು. “ಅಕ್ಕಾ, ಕೀಬೋರ್ಡ್ ಮುರೀಬೇಡ್ವೇ. ಅದನ್ನ ನಾನು ಮಾಡಿಲ್ಲ.”

ಯಜಮಾನರು ನಕ್ಕು, ಗಿರಾಕಿಗೆ ಕೊಡೋಣ ಎಂದರು. ನನಗೋ ಹೆಮ್ಮೆ ತಡೆಯಲಾಗಲಿಲ್ಲ. ಅಲ್ಲೇ, ಎಲ್ಲರ ಎದುರೇ ಮನೆಗೆ ಫೋನ್ ಹಚ್ಚಿದೆ.

“ಅಮ್ಮಾ, ನಿನ್ನ ಚಿಕ್ಕ ಮಗಳು ಕಟ್ಟಿದ್ದನ್ನ ಕೆಡವೋಕೆ ನನ್ನ ಕೈಲಿ ಆಗ್ಲಿಲ್ಲ ಕಣಮ್ಮ.”